ತೂಕದ ಜಾಗದಲ್ಲಿ ಯಾರ ಮಾತಿಗೆ ಎಡೆ? ಮೂಡಿಗೆರೆ ಕಡೆಯ ಕಾಫಿ ತೋಟದ ಒಂದು ಪ್ರಕರಣ

ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟ. ಅರೇಬಿಕಾ ಕುಯ್ಲು ಬಿರುಸಾಗಿದ್ದ ಕಾಲ. ಅಸ್ಸಾಂ ಮತ್ತು ಜಾರ್ಖಂಡ್ ಕಡೆಯಿಂದ ಬಂದ ಕೆಲಸಗಾರರ ತಂಡ ಒಂದು ಸಂಜೆ ತೂಕ ಹಾಕಿಸಲು ಒಪ್ಪದೆ, ಹಣ್ಣು ತುಂಬಿದ ಚೀಲಗಳನ್ನು ತಕ್ಕಡಿಯ ಪಕ್ಕದಲ್ಲೇ ಬಿಟ್ಟು ಲೈನ್ ಮನೆಗೆ (ಕೆಲಸಗಾರರಿಗೆಂದು ತೋಟದಲ್ಲಿ ಸಾಲಾಗಿ ಕಟ್ಟಿದ ಮನೆ) ಹೊರಟುಹೋಯಿತು. ಮರುದಿನ ಯಾರೂ ಕೆಲಸಕ್ಕೆ ಬರಲಿಲ್ಲ. ಅವರ ದೂರು ಒಂದೇ: ತೂಕದಲ್ಲಿ ಮೋಸ. ತೂಕದ ಲೆಕ್ಕ ಬರೆಯುವ ತೋಟದ ಗುಮಾಸ್ತರು, ಅಂದರೆ ರೈಟರು, ಕೊಟ್ಟ ಕಾರಣ ಬೇರೆ: ‘ಅವ್ರಿಗೆ ಭಾಷೆ ಬರಲ್ಲ, ಹೇಳಿದ್ದು ತಲೆಗೆ ಹೋಗಲ್ಲ.’ ಸಾಹುಕಾರರು ರೈಟರ ಮಾತನ್ನೇ ನಂಬಿ, ಹಿಂದಿ ಚೆನ್ನಾಗಿ ಬಲ್ಲ ಒಬ್ಬರನ್ನು ತೂಕದ ಹೊತ್ತಿಗೆ ನಿಲ್ಲಿಸಿದರು. ನಾಲ್ಕು ದಿನ ಕಳೆಯುವಷ್ಟರಲ್ಲಿ ಜಗಳ ಮತ್ತೆ ಎದ್ದಿತು.

ಇದು ಕ್ಷೇತ್ರಕಾರ್ಯ ಕಲಿಯುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಜೋಡಿಸಿದ ಪ್ರಕರಣ. ಒಂದೇ ತೋಟದ್ದೆಂಬಂತೆ ಬರೆದಿದ್ದರೂ ಮಲೆನಾಡಿನ ತೋಟಗಳಲ್ಲಿ ಸಾಮಾನ್ಯವಾಗಿ ಕಾಣುವ ಏರ್ಪಾಡುಗಳನ್ನು ಇಲ್ಲಿ ಒಂದೆಡೆ ತಂದಿದೆ. ಮಾತಿನ ತುಣುಕು, ತೂಕದ ಅಂಕಿ, ತಲೆಯೆಣಿಕೆ ಇವೆಲ್ಲ ವಿವರಣೆಗೆಂದು ಹಾಕಿದವು. ಸಂಶೋಧನೆ, ಜನಗಣತಿ, ಕಾನೂನಿನ ಸಂಗತಿಗಳು ಮಾತ್ರ ಇದ್ದದ್ದು ಇದ್ದ ಹಾಗೇ ಇವೆ.

ಸೇರುವವರು ಯಾರು

ಸಂಜೆ ನಾಲ್ಕೂವರೆಯ ಮೇಲೆ ತೂಕದ ಜಾಗದಲ್ಲಿ ಮೂರು ಬಗೆಯ ಜನ ಸೇರುತ್ತಾರೆ. ಲೈನ್ ಮನೆಯ ಹಳೆಯ ಕುಟುಂಬಗಳು ಮೊದಲನೆಯವು. ಅಜ್ಜ-ಅಜ್ಜಿಯರ ಕಾಲದಲ್ಲಿ ಮೇಸ್ತ್ರಿಯ ಮುಂಗಡ ಹಿಡಿದು ತಮಿಳು ಸೀಮೆಯಿಂದಲೋ ಘಟ್ಟದ ಕೆಳಗಿನಿಂದಲೋ ಬಂದು ನಿಂತವರು. ಮನೆಯೊಳಗೆ ತಮಿಳು ಅಥವಾ ತುಳು, ಹೊಸಿಲು ದಾಟಿದರೆ ಕನ್ನಡ. ಸುತ್ತಲ ಹಳ್ಳಿಗಳಿಂದ ಪಿಕಪ್ ಹತ್ತಿ ಬರುವ ಹೆಂಗಸರು ಎರಡನೆಯವರು. ಮೂರನೆಯದು ಕುಯ್ಲಿಗೆಂದೇ ಬಂದ ತಂಡ. ಅದನ್ನು ಕರೆತಂದವನು ಸರ್ದಾರ್. ಅಡ್ವಾನ್ಸ್, ರೈಲಿನ ಖರ್ಚು, ಅಕ್ಕಿ-ಬೇಳೆ ಎಲ್ಲದರ ಲೆಕ್ಕ ಅವನ ಕೈಯಲ್ಲಿ.

ಈ ತಂಡಕ್ಕೆ ತೋಟದಲ್ಲಿ ಇರುವ ಹೆಸರು ‘ಅಸ್ಸಾಮಿನವರು’, ಇಲ್ಲದಿದ್ದರೆ ‘ಹಿಂದಿಯವರು’. ಒಳಹೊಕ್ಕು ನೋಡಿದರೆ ಕೆಲವರ ಮನೆಮಾತು ಸಾದ್ರಿ (ಜಾರ್ಖಂಡ್ ಕಡೆಯ, ಅಸ್ಸಾಮಿನ ಚಹಾ ತೋಟಗಳಲ್ಲೂ ಆಡುವ ಮಾತು), ಕೆಲವರದು ಅಸ್ಸಾಮಿ, ಕೆಲವರದು ಬಂಗಾಳಿ. ಹಿಂದಿ ಒಬ್ಬರ ಮನೆಮಾತೂ ಅಲ್ಲ. ಇದನ್ನು ರೈಟರ ಅಜ್ಞಾನ ಅಂದುಕೊಳ್ಳಬೇಕಾಗಿಲ್ಲ: 2011ರ ಜನಗಣತಿಯ ಭಾಷಾ ಪಟ್ಟಿಯೂ ಸಾದ್ರಿಯನ್ನು ಹಿಂದಿಯ ಅಡಿಯಲ್ಲೇ ಸೇರಿಸಿ ಎಣಿಸುತ್ತದೆ.

ಕುಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕ. ಬೆಳಗ್ಗೆ ಎಂಟರಿಂದ ದುಡಿದದ್ದೆಲ್ಲ ತಕ್ಕಡಿಯ ಮುಂದಿನ ಅರ್ಧ ನಿಮಿಷದಲ್ಲಿ ಒಂದು ಅಂಕಿಯಾಗುತ್ತದೆ. ಆ ಅರ್ಧ ನಿಮಿಷದಲ್ಲಿ ಯಾರು ಯಾರಿಗೆ ಏನು ಹೇಳುತ್ತಾರೆ, ಯಾರಿಗೆ ಉತ್ತರ ಕೊಡುವ ಎಡೆ ಸಿಗುತ್ತದೆ ಎಂಬುದೇ ಇಲ್ಲಿನ ಅಧ್ಯಯನದ ವಸ್ತು.

ಮೊದಲು ತಕ್ಕಡಿ, ಆಮೇಲೆ ಮಾತು

ಸಂವಹನ ಅಧ್ಯಯನಕ್ಕೆ ಹೊರಟವರು ನೇರ ಮಾತಿಗೇ ಕೈಹಾಕುತ್ತಾರೆ. ಅದು ತಪ್ಪು ಮಾತ್ರವಲ್ಲ, ಅನ್ಯಾಯ ಕೂಡ. ಮೋಸವಾಗಿದೆ ಎಂದು ದೂರಿದವರಿಗೆ ‘ನಿಮಗೆ ಹಾಗೆ ಅನ್ನಿಸಿತು’ ಎಂದು ಸಿದ್ಧಾಂತ ಹೇಳುವ ಮೊದಲು ಮೋಸ ಆಗಿದೆಯೋ ಇಲ್ಲವೋ ನೋಡಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಪರಿಶೀಲನೆ ಆಗಿ ಮುದ್ರೆ ಬೀಳಬೇಕು. ಮೊದಲು ಆ ಮುದ್ರೆಯ ವರ್ಷ ಗುರುತುಮಾಡಿಕೊಳ್ಳಬೇಕು. ಮುದ್ರೆಯಿರುವ 20 ಕಿಲೋ ತೂಕದ ಬಟ್ಟನ್ನು ತಟ್ಟೆಯ ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಂದೊಂದು ಸಲ ಇಟ್ಟು ನೋಡಬೇಕು. ಮಣ್ಣಿನ ನೆಲದ ಮೇಲೆ ನಾಲ್ಕು ಕಾಲೂ ಸಮ ಕೂರದಿದ್ದರೆ ಮೂಲೆಯಲ್ಲಿಟ್ಟ ಚೀಲಕ್ಕೆ ಬೇರೆ ಅಂಕಿ ಬರುತ್ತದೆ. ತೂಕ ಶುರುವಾಗುವ ಮುನ್ನ ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ ಈ ಪರೀಕ್ಷೆ ಆಗಬೇಕು.

ಇಲ್ಲಿ ತಕ್ಕಡಿ ಸರಿಯಿತ್ತು. ತಪ್ಪಿದ್ದದ್ದು ಕಳೆಯುವ ಲೆಕ್ಕದಲ್ಲಿ. ಪರದೆ 41.2 ಅಂತ ತೋರಿಸಿದರೆ ಪುಸ್ತಕಕ್ಕೆ 40 ಅಂತ ಏರುತ್ತಿತ್ತು. ಚೀಲಕ್ಕೆಂದು ಒಂದು ಕಿಲೋ ಕಳೆದು, ಉಳಿದ ಗ್ರಾಂಗಳನ್ನು ಬಿಡುವುದು ರೂಢಿ. ಗೋಣಿಚೀಲಕ್ಕೆ ಒಂದು ಕಿಲೋ ಎನ್ನುವುದನ್ನು ಒಪ್ಪಬಹುದು: ಒಣಗಿದ್ದರೆ ಅದಕ್ಕಿಂತ ಕಡಿಮೆ, ಇಬ್ಬನಿ ಮತ್ತು ಹಣ್ಣಿನ ರಸ ಕುಡಿದಿದ್ದರೆ ಹೆಚ್ಚು. ಆದರೆ ಹೊರಗಿನ ತಂಡಕ್ಕೆ ಕೊಟ್ಟಿದ್ದವು ಖಾಲಿ ಗೊಬ್ಬರದ ಪ್ಲಾಸ್ಟಿಕ್ ಚೀಲಗಳು. ಅವುಗಳ ತೂಕ ನೂರು-ನೂರೈವತ್ತು ಗ್ರಾಂ. ಅದಕ್ಕೂ ಕಳೆದದ್ದು ಒಂದು ಕಿಲೋ. ಬೇಕೆಂದೇ ಮಾಡಿದ್ದಲ್ಲ, ಚೀಲ ಬದಲಾದರೂ ರೂಢಿ ಬದಲಾಗಿರಲಿಲ್ಲ. ದಿನಕ್ಕೆ ಎರಡು ಚೀಲ ತುಂಬಿಸಿದವರು ಚೀಲದ ಹೆಸರಿನಲ್ಲೇ ಸುಮಾರು ಒಂದೂಮುಕ್ಕಾಲು ಕಿಲೋ ಕೂಲಿ ಕಳೆದುಕೊಳ್ಳುತ್ತಿದ್ದರು.

ಅಂದರೆ ದೂರಿನಲ್ಲಿ ಹುರುಳಿತ್ತು. ಊರಿನ ಹೆಂಗಸರಿಗೂ ಆಗಾಗ ಪ್ಲಾಸ್ಟಿಕ್ ಚೀಲ ಸಿಗುತ್ತಿತ್ತು, ಆದರೆ ಅವರ ಲೆಕ್ಕ ನಿಂತಲ್ಲೇ ಸರಿಯಾಗುತ್ತಿತ್ತು. ಅದು ಹೇಗೆ ಎಂಬುದು ಮಾತಿನ ದಾಖಲೆಯಿಲ್ಲದೆ ಗೊತ್ತಾಗುವಂಥದ್ದಲ್ಲ.

ದಾಖಲೆ

ಎರಡು ರೆಕಾರ್ಡರ್ ಸಾಕು. ರೈಟರ ಅಂಗಿಗೆ ಒಂದು ಕ್ಲಿಪ್ ಮೈಕ್, ಸಾಲಿನ ಬದಿಯಲ್ಲಿ ಎದೆಯೆತ್ತರಕ್ಕೆ ಇನ್ನೊಂದು. ತೂಕದ ಮೇಜಿನ ಮೇಲೆ ಇಡಲೇಬಾರದು. ಚೀಲ ಬಿದ್ದಾಗಲೆಲ್ಲ ಏಳುವ ಸದ್ದು ಸರಿಯಾಗಿ ಅಂಕಿ ಹೇಳುವ ಹೊತ್ತಿಗೇ ಮಾತನ್ನು ನುಂಗುತ್ತದೆ. ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಿರುವ ಪಲ್ಪರ್ ಮನೆ ಹತ್ತಿರವಿದ್ದರೆ ಎಂಜಿನ್ ಶುರುವಾಗುವ ಸಮಯ ಮೊದಲೇ ಕೇಳಿಕೊಳ್ಳಬೇಕು. ವಿಡಿಯೋ ಬೇಡ: ಮುಖ ಸಿಕ್ಕಿಬಿದ್ದರೆ ಮುಚ್ಚುವುದು ಕಷ್ಟ, ಈ ತಂಡಕ್ಕೆ ಅದರ ಅಪಾಯ ಬೇರೆಯವರಿಗಿಂತ ಹೆಚ್ಚು. ಬದಲಿಗೆ ಒಬ್ಬರು ಹಾಳೆ ಹಿಡಿದು ಪ್ರತಿ ತೂಕಕ್ಕೂ ಆರು ಸಂಗತಿ ಗುರುತಿಸುತ್ತಾರೆ: ಹೇಗೆ ಕರೆದರು, ಪರದೆ ಯಾರ ಕಡೆಗಿತ್ತು, ಪರದೆಯ ಅಂಕಿ, ಬಾಯಲ್ಲಿ ಹೇಳಿದ ಅಂಕಿ, ಪುಸ್ತಕದ ಅಂಕಿ, ಕುಯ್ದವರು ಏನಾದರೂ ಅಂದರೇ.

ಮೊದಲ ಎರಡು ಸಂಜೆಯ ದಾಖಲೆಯನ್ನು ವಿಶ್ಲೇಷಣೆಗೆ ತೆಗೆದುಕೊಳ್ಳಬಾರದು. ಮೈಕ್ ಹಾಕಿಕೊಂಡ ರೈಟರು ಆಗ ಎಲ್ಲರಿಗೂ ‘ಬನ್ನಿ, ಕೂತ್ಕೊಳ್ಳಿ’ ಎನ್ನುತ್ತಾರೆ. ಗಮನಿಸದಿದ್ದಾಗ ಜನ ಹೇಗೆ ಮಾತಾಡುತ್ತಾರೆ ಎಂದು ತಿಳಿಯಲು ಗಮನಿಸಿಯೇ ತೀರಬೇಕಾದ ಈ ಇಕ್ಕಟ್ಟನ್ನು ಭಾಷಾವಿಜ್ಞಾನಿ ವಿಲಿಯಂ ಲೆಬೊವ್ 1970ರ ದಶಕದ ಆರಂಭದಲ್ಲೇ ಗುರುತಿಸಿದ್ದರು. ಸಾಹುಕಾರರು ಬಂದು ನಿಂತ ಸಂಜೆಗಳನ್ನೂ ಪ್ರತ್ಯೇಕ ಇಡಬೇಕು, ಅವರ ಎದುರಿಗೆ ರೈಟರ ಮಾತು ಬೇರೆಯೇ ಆಗುತ್ತದೆ.

ಒಪ್ಪಿಗೆಯನ್ನು ಸರ್ದಾರನ ಮೂಲಕವಾಗಲಿ ರೈಟರ ಮೂಲಕವಾಗಲಿ ಪಡೆಯುವುದು ಒಪ್ಪಿಗೆಯೇ ಅಲ್ಲ. ಕೆಲಸ ಮುಗಿದ ಮೇಲೆ ಲೈನ್ ಮನೆಯ ಹತ್ತಿರ, ಅವರವರ ಮಾತಿನಲ್ಲಿ, ಒಬ್ಬೊಬ್ಬರನ್ನೇ ಕೇಳಬೇಕು. ಧ್ವನಿಯ ದಾಖಲೆ ತೋಟದವರ ಕೈಗೆ ಹೋಗುವುದಿಲ್ಲ ಎಂಬುದನ್ನು ಸಾಹುಕಾರರಿಂದ ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಂಡಿರಬೇಕು. ಬರೆದುಕೊಳ್ಳುವಾಗ ಕೇಳಿದಂತೆಯೇ ಬರೆಯಬೇಕು. ‘ಬೇಕಾರೆ’ ಎಂದದ್ದನ್ನು ‘ಬೇಕಾದರೆ’ ಎಂದು ತಿದ್ದಿದರೆ ಸಲುಗೆಯ ಧಾಟಿಯೇ ಅಳಿಸಿಹೋಗುತ್ತದೆ. ಸಾದ್ರಿ, ಅಸ್ಸಾಮಿ ತುಣುಕುಗಳನ್ನು ಬರೆಸಲು ಜಿಲ್ಲೆಯ ಹೊರಗಿನವರನ್ನೇ ಹುಡುಕಬೇಕು. ಅದೇ ತಂಡದ ಪರಿಚಯಸ್ಥರಾದರೆ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೋಗುತ್ತದೆ.

ಎರಡು ತುಣುಕು

ಹಳ್ಳಿಯಿಂದ ಬಂದ ಹೆಂಗಸೊಬ್ಬರ ತೂಕ:

ರೈಟರು: ಬಾರಕ್ಕ, ಎತ್ತಿಡು.
(ಚೀಲ ಇಡುವ ಸದ್ದು, 2 ಸೆಕೆಂಡ್)
ರೈಟರು: ನಲವತ್ತೊಂದು ಇನ್ನೂರು.
ಕೆಲಸದವರು: ನಲವತ್ತೊಂದಾ?
ರೈಟರು: ನೋಡಕ್ಕ ಬೇಕಾರೆ. ಚೀಲ ತೆಗ್ದು ನಲವತ್ತು.
ಕೆಲಸದವರು: ಪ್ಲಾಸ್ಟಿಕ್ ಚೀಲ ಅಲ್ವಾ ಇದು, ಇದ್ಕೂ ಒಂದು ಕೆಜಿನಾ?
ರೈಟರು: ಹ್ಞಾಂ, ಆಯ್ತು. ನಲವತ್ತೊಂದೇ ಹಾಕ್ತೀನಿ.
ಕೆಲಸದವರು: ಹ್ಞೂಂ.

ಅದೇ ಸಂಜೆ, ಹೊರಗಿನ ತಂಡದ ಒಬ್ಬನ ತೂಕ:

ರೈಟರು: ಅಸ್ಸಾಂ! ಚಲೋ ಚಲೋ.
(ಚೀಲ ಇಡುವ ಸದ್ದು, 2 ಸೆಕೆಂಡ್)
ರೈಟರು (ಸರ್ದಾರನ ಕಡೆ ತಿರುಗಿ): ಚಾಲೀಸ್.
ಸರ್ದಾರ್: ಚಾಲೀಸ್.
ರೈಟರು: ನೆಕ್ಸ್ಟ್.

ಎರಡನೆಯದರಲ್ಲಿ ಅರ್ಥವಾಗದ ಮಾತು ಒಂದೂ ಇಲ್ಲ. ‘ಚಾಲೀಸ್’ ಎಲ್ಲರಿಗೂ ಗೊತ್ತು. ಇಲ್ಲದಿರುವುದು ಕುಯ್ದವನ ಸರದಿ. ಮೊದಲ ತುಣುಕಿನಲ್ಲಿ ಪರದೆಯ ಅಂಕಿ ಮೊದಲು ಹೊರಬರುತ್ತದೆ, ಆಕೆ ಅದನ್ನು ಪ್ರಶ್ನೆಯಾಗಿ ಮರುನುಡಿಯುತ್ತಾಳೆ, ಆಗ ಕಳೆಯುವ ಲೆಕ್ಕ ಬಾಯಿಬಿಡುತ್ತದೆ, ಅದಕ್ಕೆ ತಕರಾರು, ಆಮೇಲೆ ತಿದ್ದುಪಡಿ, ಕೊನೆಗೆ ಆಕೆಯ ‘ಹ್ಞೂಂ’. ಆ ‘ಹ್ಞೂಂ’ ಬಿದ್ದ ಮೇಲೆಯೇ ಪುಸ್ತಕದಲ್ಲಿ ಬರೆಯುವುದು. ಎರಡನೆಯದರಲ್ಲಿ ಕಳೆದಾದ ಅಂಕಿಯೇ ನೇರ ಬರುತ್ತದೆ. ಅದನ್ನು ಹೇಳುವುದು ಸರ್ದಾರನಿಗೆ. ಚೀಲ ಹೊತ್ತು ತಂದವನು ಪರದೆಯನ್ನು ಇಣುಕಿ 41.2 ನೋಡಿರುತ್ತಾನೆ, ಕಿವಿಗೆ ಬಿದ್ದದ್ದು ನಲವತ್ತು. ಅಂತರಕ್ಕೆ ಕಾರಣ ಕೇಳುವ ಎಡೆಯೇ ಸಿಗದಿದ್ದಾಗ ಮೋಸ ಎಂಬ ತೀರ್ಮಾನ ಬಿಟ್ಟು ಇನ್ನೇನು ಉಳಿಯುತ್ತದೆ?

ಹಾರ್ವೆ ಸ್ಯಾಕ್ಸ್, ಇಮ್ಯಾನುಯೆಲ್ ಶೆಗ್ಲಾಫ್, ಗೇಲ್ ಜೆಫರ್ಸನ್ 1974ರಲ್ಲಿ ಮಂಡಿಸಿದ ಮಾತಿನ ಸರದಿಯ ವಿಶ್ಲೇಷಣೆ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಯಾರನ್ನು ಉದ್ದೇಶಿಸಿ ಮಾತು ಬಂತೋ ಅವರದೇ ಮುಂದಿನ ಸರದಿ. ಸರ್ದಾರನನ್ನು ಆಯ್ದರೆ ಸರ್ದಾರನೇ ಉತ್ತರಿಸುತ್ತಾನೆ, ಸರದಿ ಅಲ್ಲಿಗೆ ಮುಗಿಯುತ್ತದೆ.

ವಿದ್ಯಾರ್ಥಿಗಳು ಇಂಥ ಕಡೆ ಭಾಷಾವಿಜ್ಞಾನಿ ಜಾನ್ ಗಂಪರ್ಜ್ ಅವರ ಪ್ರಸಿದ್ಧ ಉದಾಹರಣೆಯನ್ನು ತಂದು ಅಂಟಿಸುವುದುಂಟು. ಬ್ರಿಟನ್ನಿನ ವಿಮಾನ ನಿಲ್ದಾಣವೊಂದರ ಕ್ಯಾಂಟೀನಿನಲ್ಲಿ ಬಡಿಸುವ ಕೆಲಸಕ್ಕೆ ಸೇರಿದ ಭಾರತ-ಪಾಕಿಸ್ತಾನ ಮೂಲದ ಮಹಿಳೆಯರು ‘ಗ್ರೇವಿ’ ಎಂಬ ಪದವನ್ನು ಇಳಿದನಿಯಲ್ಲಿ ಹೇಳುತ್ತಿದ್ದರು; ಏರುದನಿಗೆ ಒಗ್ಗಿದ್ದ ಅಲ್ಲಿನವರಿಗೆ ಅದು ‘ಬೇಕೇ?’ ಎಂಬ ಕೇಳಿಕೆಯಾಗಿ ಅಲ್ಲ, ಒರಟು ಘೋಷಣೆಯಾಗಿ ಕೇಳಿಸುತ್ತಿತ್ತು. 1982ರ ಅವರ ಪುಸ್ತಕದಲ್ಲಿ ಇದರ ವಿಶ್ಲೇಷಣೆಯಿದೆ. ಅಲ್ಲಿ ಎರಡೂ ಕಡೆಯವರು ಮಾತಾಡುತ್ತಿದ್ದರು, ದನಿಯ ಓದಿನಲ್ಲಿ ಎಡವಟ್ಟಾಯಿತು. ತೋಟದಲ್ಲಿ ಎಡವಟ್ಟಾಗಲು ಬೇಕಾದ ಮಾತೇ ನಡೆದಿಲ್ಲ. ಎರಡನ್ನೂ ‘ಸಂಸ್ಕೃತಿಗಳ ನಡುವಿನ ತಪ್ಪುಗ್ರಹಿಕೆ’ ಎಂಬ ಒಂದೇ ಹೆಸರಿನಡಿ ತಂದರೆ ಪ್ಲಾಸ್ಟಿಕ್ ಚೀಲದ ಎಂಟುನೂರೈವತ್ತು ಗ್ರಾಂ ಕಾಣದೇ ಹೋಗುತ್ತದೆ.

ಗಂಪರ್ಜ್ ಅವರದೇ ಇನ್ನೊಂದು ಅಧ್ಯಯನ ಇಲ್ಲಿಗೆ ಹೆಚ್ಚು ಹೊಂದುತ್ತದೆ. ರಾಬರ್ಟ್ ವಿಲ್ಸನ್ ಜೊತೆ 1971ರಲ್ಲಿ ಪ್ರಕಟಿಸಿದ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದ ಕುರಿತದ್ದು. ಕನ್ನಡ, ಮರಾಠಿ, ಉರ್ದು ಅಲ್ಲಿ ಒಂದರೊಡನೊಂದು ಬಾಳಿ ವ್ಯಾಕರಣದಲ್ಲಿ ಬಹಳ ಹತ್ತಿರ ಬಂದಿದ್ದವು, ಆದರೂ ಬೇರೆ ಬೇರೆಯಾಗಿ ಉಳಿದಿದ್ದವು. ಊರಿನ ದೊಡ್ಡ ಗುಂಪುಗಳ ಮನೆಮಾತಲ್ಲದ ಮರಾಠಿ ಗುಂಪುಗಳ ನಡುವಿನ ವ್ಯವಹಾರಕ್ಕೆ ಒದಗಿತ್ತು. ತೋಟದ ಹಿಂದಿಯೂ ಯಾರ ಮನೆಮಾತೂ ಅಲ್ಲ. ಆದರೆ ಕುಪವಾಡದ ಮರಾಠಿಗೆ ತಲೆಮಾರುಗಳ ಬಳಕೆಯಿತ್ತು, ಅದರಲ್ಲಿ ಚೌಕಾಸಿ, ತಕರಾರು ಎಲ್ಲ ಸಾಧ್ಯವಿತ್ತು. ತೋಟದ ಹಿಂದಿ ಕುಯ್ಲಿನ ಕೆಲವು ತಿಂಗಳ ಮಟ್ಟಿನದು, ಅಪ್ಪಣೆಗೆ ಸಾಲುತ್ತದೆ, ವಾದಕ್ಕೆ ಸಾಲದು. ಹಿಂದಿ ಬಲ್ಲವರನ್ನು ತಂದು ನಿಲ್ಲಿಸಿದ್ದು ಫಲಿಸದಿದ್ದುದಕ್ಕೆ ಕಾರಣವೂ ಇಲ್ಲಿದೆ: ಅವರು ಅನುವಾದಿಸಲು ಸಿದ್ಧರಿದ್ದರು, ಅನುವಾದಿಸಬೇಕಾದ ಪ್ರಶ್ನೆ ಹುಟ್ಟುವ ಎಡೆ ಇನ್ನೂ ಮುಚ್ಚಿಯೇ ಇತ್ತು.

ಕರೆಯುವ ಬಗೆಯೂ ಸಣ್ಣ ಸಂಗತಿಯಲ್ಲ. ‘ಬಾರಕ್ಕ’ ಏಕವಚನವಾದರೂ ‘ಅಕ್ಕ’ ಸೇರಿ ಅದು ಸಲುಗೆ. ರೈಟರಿಗೆ ಬರುವ ಹಿಂದಿಯಲ್ಲಿ ‘ತುಮ್’, ‘ತೂ’ ಮಾತ್ರ ಇವೆ, ಜೊತೆಗೆ ನೆಂಟಸ್ತಿಕೆಯ ಪದವಿಲ್ಲ. ಅಸ್ಸಾಮಿಯಲ್ಲಿ ‘ತೋಯ್’, ‘ತುಮಿ’, ‘ಆಪುನಿ’ ಎಂದು ಮೂರು ಮೆಟ್ಟಿಲು. ತಲೆ ನರೆತವರನ್ನು ಇಪ್ಪತ್ತೈದರ ರೈಟರು ‘ತೂ’ ಅಂದಾಗ ಅವರಿಗೆ ಅದು ಕೆಳಗಿನ ಮೆಟ್ಟಿಲು. ತುಣುಕುಗಳನ್ನು ಕೇಳಿಸಿ ‘ಇಲ್ಲಿ ಏನಾಗ್ತಿದೆ?’ ಎಂದು ಒಬ್ಬೊಬ್ಬರನ್ನೇ ಕೇಳಿದಾಗ ತಂಡದ ಹಿರಿಯರು ತೂಕಕ್ಕಿಂತ ಮೊದಲು ಎತ್ತಿದ್ದು ಇದನ್ನೇ.

ಗೆರೆ ಎಳೆಯುವವರು

ಲೈನ್ ಮನೆಯ ಹಳೆಯ ಕುಟುಂಬಗಳ ನಿಲುವು ಈ ಪ್ರಕರಣದ ಅತ್ಯಂತ ನೋವಿನ ಭಾಗ. ಕೆಲಸ, ಮನೆ, ಕಿಲೋ ದರ ಎಲ್ಲವೂ ಹೊರಗಿನ ತಂಡದಂತೆಯೇ. ಆದರೂ ಜಗಳದಲ್ಲಿ ಅವರು ನಿಂತದ್ದು ರೈಟರ ಕಡೆ. ‘ನಾವು ಇಲ್ಲಿಯವ್ರು, ಇವ್ರು ಬಂದ್ಮೇಲೇ ಗಲಾಟೆ.’

ಸಾಮಾಜಿಕ ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರ ಮೇಲೆ ನಡೆಸಿ 1971ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಪ್ರಯೋಗಗಳಲ್ಲಿ, ಕ್ಲೇ ಅಥವಾ ಕ್ಯಾಂಡಿನ್‌ಸ್ಕಿ ಎಂಬ ಚಿತ್ರಕಾರರಲ್ಲಿ ಯಾರು ಇಷ್ಟ ಎಂಬಷ್ಟು ಕ್ಷುಲ್ಲಕ ನೆಪದಲ್ಲಿ ಗುಂಪು ಮಾಡಿದ್ದರೂ ಹುಡುಗರು ತಮ್ಮ ಗುಂಪಿಗೆ ಹೆಚ್ಚು ಹಂಚಿದರು. ತಮ್ಮ ಗುಂಪಿಗೇ ಒಟ್ಟು ಕಡಿಮೆ ಸಿಕ್ಕರೂ ಸರಿ, ಎದುರು ಗುಂಪಿಗಿಂತ ಅಂತರ ಇರಲಿ ಎಂಬ ಒಲವೂ ಕಂಡಿತು. ಜಾನ್ ಟರ್ನರ್ ಜೊತೆ 1979ರಲ್ಲಿ ಬರೆದ ಸಾಮಾಜಿಕ ಅಸ್ಮಿತೆಯ ಸಿದ್ಧಾಂತಕ್ಕೆ ಇದು ತಳಹದಿ. ತೋಟದ ಲೆಕ್ಕದಲ್ಲಿ ಇದು ಹೀಗೆ ಕಾಣುತ್ತದೆ: ತಮಿಳಿನವರು, ಘಟ್ಟದ ಕೆಳಗಿನವರು ಎಂದು ಒಂದು ಕಾಲಕ್ಕೆ ಹೊರಗೆ ನಿಂತಿದ್ದ ಕುಟುಂಬಗಳು ತಮಗಿಂತ ಹೊರಗಿನವರು ಬಂದ ಮೇಲೆ ‘ಊರಿನವರು’ ಆದರು. ಆ ಜಾಗ ಅವರಿಗೆ ಸುಲಭಕ್ಕೆ ಸಿಕ್ಕಿದ್ದಲ್ಲ, ಬಿಟ್ಟುಕೊಡಲು ಮನಸ್ಸು ಬಾರದಿರುವುದು ಸಹಜ. ಸಾಲಿನಲ್ಲಿ ತಮ್ಮತಮ್ಮಲ್ಲಿ ತಮಿಳು ಆಡುತ್ತಿದ್ದವರು ಹೊರಗಿನ ತಂಡ ಹತ್ತಿರ ಬಂದೊಡನೆ ಗಟ್ಟಿಯಾಗಿ ಕನ್ನಡಕ್ಕೆ ಹೊರಳುವುದು ಸಾಲಿನ ಬದಿಯ ರೆಕಾರ್ಡರಿನಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಸಂದರ್ಶನದಲ್ಲಿ ಮನೆಮಾತು ಕೇಳಿದರೆ ಅವರು ಹೇಳುವುದೂ ‘ಕನ್ನಡ’. ಇದನ್ನು ಸುಳ್ಳು ಎಂದು ಬರೆದುಕೊಳ್ಳುವ ಸಂಶೋಧಕರು ಪ್ರಶ್ನೆ ಕೇಳಿದವರು ಯಾರು ಎಂಬುದನ್ನು ಮರೆತಿರುತ್ತಾರೆ.

ಹೊರಗಿನ ತಂಡಕ್ಕೆ ಇದೇ ಪ್ರಶ್ನೆ ಇನ್ನೂ ಅಪಾಯಕಾರಿ. ಅಸ್ಸಾಮಿನ ರಾಷ್ಟ್ರೀಯ ಪೌರತ್ವ ನೋಂದಣಿಯ ಅಂತಿಮ ಪಟ್ಟಿ 2019ರ ಆಗಸ್ಟ್ 31ರಂದು ಹೊರಬಂದಾಗ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಅದರಲ್ಲಿರಲಿಲ್ಲ. ಅಲ್ಲಿನ ಬಂಗಾಳಿ ಮೂಲದ ಎಷ್ಟೋ ಮುಸ್ಲಿಂ ಕುಟುಂಬಗಳು ಜನಗಣತಿಯಲ್ಲಿ ಬಹುಕಾಲದಿಂದ ಅಸ್ಸಾಮಿಯನ್ನೇ ಮಾತೃಭಾಷೆ ಎಂದು ಬರೆಸುತ್ತ ಬಂದಿವೆ. ಹಾಳೆ ಹಿಡಿದು ಬಂದ ಅಪರಿಚಿತರು ‘ಯಾವ ಊರು, ಮನೇಲಿ ಯಾವ ಭಾಷೆ’ ಎಂದರೆ ಅವರಿಗೆ ಅದು ಪೌರತ್ವದ ವಿಚಾರಣೆಯಂತೆಯೇ ಕೇಳಿಸುತ್ತದೆ. ಹಾಗಾಗಿ ಆ ಎರಡು ಪ್ರಶ್ನೆಗಳನ್ನು ಪ್ರಶ್ನಾವಳಿಯಿಂದ ತೆಗೆದುಹಾಕಿ, ‘ಊರಿಗೆ ಫೋನ್ ಮಾಡಿದಾಗ ಅಮ್ಮನ ಹತ್ತಿರ ಹೇಗೆ ಮಾತಾಡ್ತೀರಿ’, ‘ಮಕ್ಕಳಿಗೆ ಬೈಯುವುದು ಯಾವುದರಲ್ಲಿ’ ಎಂದು ಬಳಕೆಯ ಮೂಲಕ ತಿಳಿಯಬೇಕು. ಜಿಲ್ಲೆ, ಆಧಾರ್, ಮತದಾರರ ಚೀಟಿ ಯಾವುದನ್ನೂ ಬರೆದುಕೊಳ್ಳಬಾರದು. ಸಾಹುಕಾರರ ಮನೆಯ ಜಗಲಿಯಲ್ಲಿ ಕೂರಿಸಿ ಸಂದರ್ಶನ ಮಾಡುವುದಕ್ಕಿಂತ ಮಾಡದಿರುವುದು ಲೇಸು.

ಏನು ಬದಲಾಯಿಸಿದರು

ಬದಲಾವಣೆಗಳು ದೊಡ್ಡವೇನಲ್ಲ. ಪರದೆಯನ್ನು ಸಾಲಿನ ಕಡೆಗೆ ತಿರುಗಿಸಿದರು. ಬೆಳಗ್ಗೆ ಎಲ್ಲರೆದುರು ಹತ್ತು ಗೋಣಿ, ಹತ್ತು ಪ್ಲಾಸ್ಟಿಕ್ ಚೀಲ ತೂಗಿ, ಎರಡಕ್ಕೂ ಬೇರೆ ಬೇರೆ ಕಡಿತ ಗೊತ್ತುಮಾಡಿ ಹಲಗೆಯ ಮೇಲೆ ಬರೆದರು. ಗುಂಪಿನ ಹೆಸರು ಕೂಗುವುದನ್ನು ಬಿಟ್ಟು ಅವರವರ ಹೆಸರು ಹಿಡಿದು ಕರೆದರು, ಹಿರಿಯರಿಗೆ ‘ದಾದಾ’, ‘ದೀದಿ’ ಸೇರಿಸಿದರು. ಪರದೆಯ ಅಂಕಿ ಮೊದಲು, ಕಡಿತ ಆಮೇಲೆ, ಬರೆಯುವ ಅಂಕಿ ಕೊನೆಗೆ. ಕುಯ್ದವರು ‘ಹಾಂ’ ಅನ್ನುವವರೆಗೆ ಪೆನ್ನು ಇಳಿಸುವಂತಿಲ್ಲ. ಮೂರೂ ಅಂಕಿ ಇರುವ ಚೀಟಿ ಅವರ ಕೈಗೇ. ಎಲ್ಲರೂ ಓದಬಲ್ಲ ಅಂಕಿಗಳಲ್ಲೇ ಚೀಟಿ ಬರೆದರೆ ಅಕ್ಷರ ಬಾರದವರಿಗೂ ಕೆಲಸಕ್ಕೆ ಬರುತ್ತದೆ.

ರೈಟರ ಆಕ್ಷೇಪ ಹೊತ್ತಿನದು. ಒಂದು ತೂಕಕ್ಕೆ ಹತ್ತು ಸೆಕೆಂಡ್ ಹೆಚ್ಚು ಹಿಡಿದರೆ ಅರವತ್ತು ಚೀಲಕ್ಕೆ ಹತ್ತು ನಿಮಿಷ. ಹಣ್ಣು ಅದೇ ಸಂಜೆ ಪಲ್ಪರಿಗೆ ಹೋಗಬೇಕಾದ ದಿನ ಆ ಹತ್ತು ನಿಮಿಷ ನಿಜವಾದ ನಷ್ಟವೇ. ಹಣ್ಣಿನೊಳಗಿನ ಹಸಿರು ಕಾಯಿ, ಸೊಪ್ಪು-ಕಡ್ಡಿ ಆರಿಸುವುದನ್ನು ತಕ್ಕಡಿಗಿಂತ ಮೊದಲೇ ಮುಗಿಸುವಂತೆ ಸಾಲನ್ನು ಹೊಂದಿಸಿದ ಮೇಲೆ ಅದರ ಬಹುಪಾಲು ವಾಪಸು ಸಿಕ್ಕಿತು.

ಸರ್ದಾರನ ವಿರೋಧ ಅಷ್ಟು ಸುಲಭಕ್ಕೆ ಬಗೆಹರಿಯುವಂಥದ್ದಲ್ಲ. ಅಂಕಿ ತನ್ನ ಮೂಲಕವೇ ಹೋಗುವುದು ಅವನ ಅಧಿಕಾರದ ಬುಡ. ಚೀಟಿ ನೇರ ಕೈಸೇರಿದರೆ ಅಡ್ವಾನ್ಸಿನ ಲೆಕ್ಕಕ್ಕೆ ತಾಳೆ ನೋಡುವ ದಾರಿ ಪ್ರತಿಯೊಬ್ಬರಿಗೂ ತೆರೆಯುತ್ತದೆ. ಆದರೆ ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ಯುವವನೂ, ವಾಪಸು ಹೋಗಲು ಟಿಕೆಟ್ ಮಾಡಿಸುವವನೂ ಅವನೇ. ಸಂಶೋಧಕರು ಹೋದ ಮೇಲೆ ಅವನ ಸಿಟ್ಟನ್ನು ಎದುರಿಸಬೇಕಾದವರು ತಂಡದ ಅತ್ಯಂತ ಎಳೆಯರು, ಸಾಲ ಹೆಚ್ಚಿದ್ದವರು. ಆದ್ದರಿಂದ ಚೀಟಿಯ ಸಲಹೆಯನ್ನು ಸಂಶೋಧಕರು ತಾವಾಗಿ ಮುಂದಿಡಬಾರದು, ತಂಡದವರು ಒಬ್ಬೊಬ್ಬರಾಗಿ ಬೇಕೆಂದರೆ ಮಾತ್ರ ಸಾಹುಕಾರರಿಗೆ ತಲುಪಿಸಬೇಕು. ಸರ್ದಾರನಿಗೂ ದಿನದ ಒಟ್ಟು ಪಟ್ಟಿಯ ಒಂದು ಪ್ರತಿ ಸಿಗುವಂತೆ ನೋಡಿಕೊಂಡದ್ದರಿಂದ ಅವನ ವಿರೋಧ ತುಸು ತಗ್ಗಿತು.

ಚೀಟಿಗಳಲ್ಲಿ ಇನ್ನೂ ಒಂದು ಕೊರತೆ ಉಳಿದಿದೆ. ಗಂಡ-ಹೆಂಡತಿ ಜೊತೆಯಾಗಿ ಬಂದ ಕಡೆ ಇಬ್ಬರ ಹಣ್ಣೂ ಗಂಡನ ಹೆಸರಿಗೆ ಬೀಳುತ್ತದೆ, ‘ಹಾಂ’ ಅನ್ನುವವನೂ ಅವನೇ. ಲೈನ್ ಮನೆಯ ಹಳೆಯ ಕುಟುಂಬಗಳಲ್ಲೂ ಇದೇ ಪದ್ಧತಿ, ಆದ್ದರಿಂದ ಯಾವ ಗುಂಪೂ ಇದನ್ನು ದೂರಾಗಿ ಎತ್ತುವುದಿಲ್ಲ. ಗಮನಿಕೆಯ ಹಾಳೆಯಲ್ಲಿ ಆ ಆರು ಕಲಮುಗಳ ಪಕ್ಕದಲ್ಲಿ ‘ಯಾರು ಕುಯ್ದರು’ ಎಂಬ ಕಲಮು ಇಲ್ಲದಿದ್ದರೆ ಈ ಹೆಂಗಸರು ದಾಖಲೆಯಲ್ಲೂ ಇಲ್ಲವಾಗುತ್ತಾರೆ. ಮುಂದಿನ ಕುಯ್ಲಿಗೆ ಹಾಳೆ ಅಚ್ಚು ಹಾಕಿಸುವವರು ಈ ಏಳನೆಯ ಕಲಮನ್ನು ಸೇರಿಸಿಕೊಳ್ಳಬೇಕು, ಅದನ್ನು ತುಂಬಲು ಒಬ್ಬರು ಬೆಳಗ್ಗಿನಿಂದಲೇ ಗಿಡಗಳ ಸಾಲಿನಲ್ಲಿ ಇರಬೇಕು.